ಕೆನ್ನೆಗೆ ಒಪ್ಪುವ ಬಿಳಿ

ನಮ್ಮ ಭಾವ ವಿಮಾನಗಳಿಗೆ ಬಣ್ಣ ಹೊಡೆಯುತ್ತಾನೆ. ಈ ಒಂದೇ ಮಾತಿನ ಬಲದ ಮೇಲೆ ಅವನಿಗೆ ನಮ್ಮ ಅಕ್ಕ ಸಿಕ್ಕಿದ್ದು. ಸಂಬಂಧದ ಮಾತುಕತೆಯಲ್ಲಿ ಅಪ್ಪ "ಏನು ಕೆಲಸ?" ಎಂದು ಕೇಳಿದ್ದರು. "ವಿಮಾನಕ್ಕೆ ಪೇಂಟಿಂಗು" ಎಂದಿದ್ದ. ಎತ್ತರದ ಏಣಿಯ ಮೇಲೆ ನಿಂತು, ಮೋಡವನ್ನು ಮೊಣಕೈಯಿಂದ ಸರಿಸಿ ಬಣ್ಣ ಬಳಿಯುವ ಅಳಿಯ ಅಪ್ಪನ ಕಣ್ಣ ಮುಂದೆ ಬಂದು ಹೋದ. ಎಷ್ಟು ಉದ್ದದ ವಿಮಾನ ಎಂದು ಕೇಳಲು ಯಾರಿಗೂ ತೋಚಲಿಲ್ಲ. ಮದುವೆಯಾದ ಮೇಲೆ ಅಳಿಯ ಜೇಬಿನಿಂದ ಒಂದು ವಿಮಾನ ತೆಗೆದು ಮಾವನ ಅಂಗೈ ಮೇಲಿಟ್ಟಾಗ ಅಪ್ಪ ಅದನ್ನು ತಿರುಗಿಸಿ ನೋಡಿ, "ಮಿಕ್ಕಿದ್ದೆಲ್ಲಿ?" ಎಂದರು.

ಮುಖದೆದುರು ನಾನು ಅವನನ್ನು "ನೀವು" ಎನ್ನುತ್ತೇನೆ. ಬರೆಯುವಾಗ "ಅವನು" ಎಂದರೆ ನಷ್ಟವೇನಿಲ್ಲ. ಬಣ್ಣದ ಡಬ್ಬಿಯ ಮೇಲಿನ ಚೀಟಿ ಬಿಟ್ಟು ಭಾವ ಬೇರೇನೂ ಓದುವವನಲ್ಲ.

ಟಿಕೆಟ್ ಏಜೆಂಟರ ಮೇಜಿನ ಮೇಲೆ, ನಿವೃತ್ತ ಪೈಲಟ್‌ಗಳ ಟಿ.ವಿ. ಪಕ್ಕದಲ್ಲಿ, ಮೂಗು ಮೇಲೆತ್ತಿಕೊಂಡು ಪುಟ್ಟ ವಿಮಾನಗಳು ನಿಂತಿರುತ್ತವಲ್ಲ, ಅವುಗಳ ರೆಕ್ಕೆ, ಬಾಲ, ಹೊಟ್ಟೆಗಳಿಗೆ ಬಿಳಿ ಹೊಡೆಯುವುದು ಅವನ ವೃತ್ತಿ. ಗೆರೆ ಎಳೆಯುವವರು, ಅಕ್ಷರ ಅಂಟಿಸುವವರು ಬೇರೆ. ಭಾವನದು ಬಿಳಿ ಮಾತ್ರ. ಮೊದಲು ಹಳೇ ಫ್ರಿಜ್ಜುಗಳಿಗೂ ಆಸ್ಪತ್ರೆಯ ಮಂಚಗಳಿಗೂ ಬಿಳಿ ಹೊಡೆಯುತ್ತಿದ್ದವನು, ಅಲ್ಲಿಂದ ನೇರವಾಗಿ ಆಕಾಶಕ್ಕೆ ಬಡ್ತಿ ಪಡೆದ. ಹುಬ್ಬಿನಲ್ಲಿ, ಕಿವಿಯ ಸುರುಳಿಯೊಳಗೆ, ಉಗುರಿನ ಬುಡದಲ್ಲಿ ಸದಾ ಬಿಳಿ ಪುಡಿ. ಬೀದಿಯವರು ಅವನನ್ನು "ಸುಣ್ಣ" ಎಂದು ಕರೆಯುತ್ತಾರೆ. ಕರೆದವರ ಜೊತೆ ಅವನು ಜಗಳಕ್ಕೆ ನಿಲ್ಲುತ್ತಾನೆ. ಜಗಳ ಅವನ ಎರಡನೇ ವೃತ್ತಿ. ತರಕಾರಿಯವನ ತಕ್ಕಡಿ, ಬಸ್ಸಿನ ಕಿಟಕಿ, ಅಕ್ಕ ಮಡಚಿಟ್ಟ ಟವೆಲ್ಲು, ಯಾವುದರ ಮೇಲೂ ಅವನು ವಾದ ಹೂಡಬಲ್ಲ. ಅಕ್ಕ ಏನಾದರೂ ತಪ್ಪು ಹುಡುಕಿದರೆ ಮುಗಿಯಿತು, ಧ್ವನಿ ಕೀರಲಾಗಿ ಚಾವಣಿ ಮುಟ್ಟುತ್ತದೆ: "ಎಲ್ಲಿ? ಎಲ್ಲಿದೆ ತೋರಿಸು!"

ಬಿಳಿ ಹೊಡೆಯುವುದರಲ್ಲಿ ಅಂಥಾದ್ದೇನಿದೆ ಎಂದು ನಾನೊಮ್ಮೆ ಕೇಳಿದೆ. ಉತ್ತರ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಅವನ ಪ್ರಕಾರ ಕಪ್ಪು, ಕೆಂಪು, ನೀಲಿ ಎಲ್ಲ ಮರ್ಯಾದಸ್ಥ ಬಣ್ಣಗಳು, ಮನೆಯ ಗುಟ್ಟನ್ನು ಒಳಗೇ ಇಟ್ಟುಕೊಳ್ಳುತ್ತವೆ. ಬಿಳಿ ಮಾತ್ರ ಚಾಡಿಕೋರ. ಪೆನ್ಸಿಲಿನ ಗೆರೆ, ಬೆರಳಿನ ಜಿಡ್ಡು, ಒಂದು ಕಣ ಧೂಳು, ಒಳಗಿರುವುದನ್ನೆಲ್ಲ ಹೊರಗೆ ಹೇಳಿಬಿಡುತ್ತದೆ. ಬಣ್ಣವನ್ನು ನೀರು ಬೆರೆಸಿದ ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ಬಣ್ಣ ಚಿಮ್ಮಿಸಲು ಪೆನ್ನಿನಷ್ಟು ದಪ್ಪದ ಗನ್ನು, ಅದಕ್ಕೆ ಗಾಳಿ ತುಂಬುವ ಒಂದು ಕಂಪ್ರೆಸರ್. ಗನ್ನನ್ನು ಹತ್ತಿರ ಹಿಡಿದರೆ ಬಣ್ಣ ತೊಟ್ಟಿಕ್ಕಿ ಅಳುತ್ತದೆ. ದೂರ ಹಿಡಿದರೆ ಗಾಳಿಯಲ್ಲೇ ಒಣಗಿ, ಮರಳಾಗಿ ಬಂದು ಕೂರುತ್ತದೆ. ರೆಕ್ಕೆಯ ಈ ತುದಿಯಾಚೆ ಖಾಲಿ ಗಾಳಿಯಲ್ಲಿ ಶುರು ಮಾಡಿ, ಆ ತುದಿಯಾಚೆ ಖಾಲಿ ಗಾಳಿಯಲ್ಲೇ ನಿಲ್ಲಿಸಬೇಕು. ಮೊದಲ ಪದರ ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟಿರಬೇಕು. ಕೆಳಗೆ ಮೊದಲೇ ಬಳಿದ ಬೂದು ಅಸ್ತರು ಇನ್ನೂ ಇಣುಕುತ್ತಿರಬೇಕು. ಅದನ್ನು ನೋಡಿ ಆತುರಪಟ್ಟವನು ಕೆಟ್ಟ. ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೊನೆಯದು ಮಾತ್ರ ಒದ್ದೆಯಾಗಿ, ತಾನೇ ಹರಡಿಕೊಂಡು ಸಮನಾಗುವ ಹಾಗೆ. ಒಣಗಿತೇ ಎಂದು ರೆಕ್ಕೆಯನ್ನು ಮುಟ್ಟುವಂತಿಲ್ಲ. ಅದಕ್ಕೆಂದೇ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚಮಚಕ್ಕೂ ಅದೇ ಪದರ ಹೊಡೆದಿರುತ್ತಾರೆ, ಮುಟ್ಟುವುದೇನಿದ್ದರೂ ಚಮಚವನ್ನು. ಅಕ್ಕನ ಅಡುಗೆಮನೆಯಲ್ಲಿ ಇಂಥ ಬಿಳಿ ಚಮಚಗಳ ಒಂದು ದಂಡೇ ಇದೆ. ಊಟಕ್ಕೆ ಒಂದೂ ಬಾರದು.

ಕೆಲಸದ ಜಾಗ ಒಂದು ಮಹಡಿಯ ಮೇಲಿನ ಉದ್ದನೆಯ ಕೋಣೆ. ಗೋಡೆಗೆ ಗಾಳಿ ಹೊರದಬ್ಬುವ ಫ್ಯಾನು, ಅದರ ಮುಂದೆ ಬಣ್ಣ ಹೊಡೆಯುವ ತಗಡಿನ ಗೂಡು. ಹಲಗೆಗಳ ಮೇಲೆ ಸಾಲಾಗಿ ಬೋರಲು ಹಾಕಿದ ರಟ್ಟಿನ ಪೆಟ್ಟಿಗೆಗಳು, ಪ್ರತಿಯೊಂದರ ಕೆಳಗೂ ಧೂಳು ಬೀಳದಂತೆ ಒಣಗುತ್ತಿರುವ ಒಂದು ತುಂಡು. ಕಿಟಕಿಯ ಪಕ್ಕ ಒಂದು ಕುರ್ಚಿ. ಎಲ್ಲದರ ಮೇಲೂ ವರ್ಷಗಟ್ಟಲೆ ಕೂತ ಬಿಳಿ ಪುಡಿ. ಆ ಕೋಣೆಯಲ್ಲಿ ಕಾಲಿನ ಸದ್ದು ಬರುವುದಿಲ್ಲ. ಹಿಂದೆ ಬಂದು ನಿಂತವರು ಇದ್ದಾರೆಂದು ಗೊತ್ತಾಗುವುದು ಅವರು ಮಾತಾಡಿದ ಮೇಲೆಯೇ.

ಕೋಣೆಯ ಒಡೆಯ ದೊಡ್ಡ ಮೇಸ್ತ್ರಿ. ಭಾವನಿಗೆ ಗುರು. ಗನ್ನು ಕೈಯಲ್ಲಿರುವಾಗ ಮಾತಾಡುತ್ತಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಉಸಿರು ಹಿಡಿದು, ಕೈ ನಿಂತ ಮೇಲೆ ಮೂಗಿನಿಂದ ಉದ್ದಕ್ಕೆ ಬಿಡುತ್ತಿದ್ದರು. ಅವರ ಬಿಳಿಗೆ ತೀರ್ಪು ಕೊಡುತ್ತಿದ್ದವರು ಅವರ ಹೆಂಡತಿ, ಮೇಸ್ತ್ರಿಯಮ್ಮ. ಬಣ್ಣ ಕಲಸುವ ಥಿನ್ನರಿನಲ್ಲಿ ಕೈ ಅದ್ದಿ ಅದ್ದಿ ಆಕೆಯ ಬೆರಳುಗಳಿಗೆ ಸ್ಪರ್ಶವೇ ಉಳಿದಿರಲಿಲ್ಲ. ಹಾಗಾಗಿ ಕೆನ್ನೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ರೆಕ್ಕೆಯನ್ನು ಕಣ್ಣಿನ ಕೆಳಗಿನಿಂದ ದವಡೆಯವರೆಗೆ ನಿಧಾನಕ್ಕೆ ಎಳೆದುಕೊಳ್ಳುವುದು. ಆ ನ್ಯಾಯಾಲಯದಲ್ಲಿ ಎರಡೇ ತೀರ್ಪು. "ಒರಟು" ಎಂದರೆ ಉಜ್ಜಿ ತೆಗೆದು ಮೊದಲಿಂದ ಶುರು. "ಇರಲಿ" ಎಂದರೆ ಪಾಸು. ಭಾವ "ಇರಲಿ" ಎನ್ನಿಸಿಕೊಂಡ ದಿನ ಮನೆಗೆ ಬಂದು ರಾಜ್ಯ ಗೆದ್ದವನ ಹಾಗೆ ಕಾಲು ಚಾಚಿ ಕೂರುತ್ತಿದ್ದ.

ಮೇಸ್ತ್ರಿ ಹೋದದ್ದು ಒಂದು ಮಧ್ಯಾಹ್ನ, ಒಳ್ಳೇ ಬಿಸಿಲಿನಲ್ಲಿ. ಗನ್ನನ್ನು ತೊಳೆದು ಮೊಳೆಗೆ ತೂಗುಹಾಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ರೋಗವಿರಲಿಲ್ಲ, ಮುಖದಲ್ಲಿ ನೋವಿರಲಿಲ್ಲ. ಕೆಲಸ ಮುಗಿಸಿದವರ ಮುಖ. ಹಲಗೆಯ ಮೇಲಿನ ಪೆಟ್ಟಿಗೆ ಎತ್ತಿ ನೋಡಿದರೆ ಒಂದು ವಿಮಾನದ ಎಡರೆಕ್ಕೆ, ಪೂರ್ತಿ ಬಿಳಿ. ಬಲರೆಕ್ಕೆ ಪಕ್ಕದಲ್ಲೇ, ಬರಿ ಬೂದು ಅಸ್ತರಿನಲ್ಲಿ. ಆ ವಿಮಾನಕ್ಕೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಯಾವ ಕಂಪನಿಯದು ಎಂದು ಭಾವನಿಗೂ ಗೊತ್ತಾಗಲಿಲ್ಲ. ಅದರ ಹೊಟ್ಟೆಗೆ ಕಿಟಕಿಗಳೇ ಇರಲಿಲ್ಲ. ಮುಂದೆ ಪೈಲಟ್ ನೋಡಬೇಕಾದ ಕಡೆಯೂ ನುಣ್ಣಗೆ ಮುಚ್ಚಿಕೊಂಡಿತ್ತು.

ಕೆಲವು ವಾರ ಕಳೆದ ಮೇಲೆ ಮೇಸ್ತ್ರಿಯಮ್ಮ ಇಬ್ಬರನ್ನು ಕರೆಸಿದರು. ಒಬ್ಬ ನಮ್ಮ ಭಾವ. ಇನ್ನೊಬ್ಬ ಮೇಸ್ತ್ರಿಯ ಸೋದರಳಿಯ, ಕೆಳಗಡೆ ಅಂಗಡಿಯಿಟ್ಟುಕೊಂಡು ಕಾರು, ಬೀರು, ಹೆಲ್ಮೆಟ್ಟು, ಸಿಕ್ಕಿದ್ದಕ್ಕೆಲ್ಲ ಬಣ್ಣದ ಹಾಳೆ ಅಂಟಿಸುವವನು. ಊರೆಲ್ಲ ಅವನನ್ನು ಸ್ಟಿಕ್ಕರ್ ಎನ್ನುತ್ತದೆ.

"ಅತ್ತೆ, ಈಗಿನ ಕಾಲದಲ್ಲಿ ಯಾರು ಬಣ್ಣ ಹೊಡೀತಾರೆ?" ಎಂದ ಸ್ಟಿಕ್ಕರ್. "ಬಿಳಿ ಶೀಟ್ ಸುತ್ತಿ ಬಿಸಿಗಾಳಿ ಕೊಟ್ರೆ ಗಟ್ಟಿಯಾಗಿ ಕೂರುತ್ತೆ."

"ಹೆಣಕ್ಕೂ ಹಾಗೇ ಸುತ್ತುತಾರೆ," ಎಂದ ಭಾವ.

"ಸುಮ್ನಿರಿ ಇಬ್ರೂ," ಎಂದರು ಮೇಸ್ತ್ರಿಯಮ್ಮ. ಆಮೇಲೆ ಭಾವನ ಕಡೆ ತಿರುಗಿದರು. "ಈ ಬಲರೆಕ್ಕೆ ನೀನು ಮುಗಿಸು. ಎರಡೂ ರೆಕ್ಕೆ ನನ್ನ ಕೆನ್ನೆಗೆ ಒಂದೇ ಕೈಯದು ಅನ್ನಿಸ್ಬೇಕು. ಅನ್ನಿಸಿದ್ರೆ ಈ ಕೋಣೆ ಬೀಗದಕೈ ನಿನಗೆ. ಇಲ್ದಿದ್ರೆ ಇವನಿಗೆ, ಶೀಟ್ ಸುತ್ಕೊಳ್ಲಿ."

ಹೀಗೆ ಯುದ್ಧ ಘೋಷಣೆಯಾಯಿತು. ಎದುರಾಳಿ ಸತ್ತುಹೋಗಿದ್ದರು ಎನ್ನುವುದೊಂದೇ ತೊಡಕು. ಭಾವ ಬಣ್ಣ ಸೋಸಿದ, ಗನ್ನಿನ ಸೂಜಿ ಬಿಚ್ಚಿ ಜೋಡಿಸಿದ, ರೆಕ್ಕೆಯನ್ನು ಒದ್ದೆ ಉಜ್ಜುಕಾಗದದಿಂದ ಉಜ್ಜಿದ, ಹೊಡೆದ. ಪೆಟ್ಟಿಗೆ ಎತ್ತಿದರೆ ಕಿತ್ತಳೆ ಸಿಪ್ಪೆಯಂಥ ಮೈ. ಮತ್ತೆ ಉಜ್ಜಿದ, ಮತ್ತೆ ಹೊಡೆದ. ಈ ಸಲ ಮರಳು. ಅದರ ಮುಂದಿನ ಸಲ ತುದಿಯಲ್ಲಿ ಒಂದು ಕಣ್ಣೀರು. ಸೋತ ಸೇನಾಪತಿ ಮನೆಗೆ ಬಂದು ಮಡಚಿದ ಟವೆಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಅಕ್ಕನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲ ಸುಖವಾಗಿತ್ತು.

ಆಮೇಲೊಂದು ದಿನ ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು. ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

"ಅವರು ಜಗಳ ಆಡ್ತಿಲ್ಲ ಕಣೋ."

"ಒಳ್ಳೇದಾಯ್ತಲ್ಲ. ಸಿಹಿ ಹಂಚು," ಎಂದೆ.

"ತಮಾಷೆ ಬೇಡ. ನಿನ್ನೆ ಉಪ್ಪೇ ಹಾಕದೆ ಬಡಿಸಿದೆ, ಬೇಕೂ ಅಂತಲೇ. ತಿಂದು ಎದ್ದು ಹೋದ್ರು. ಟವೆಲ್ ಮುದ್ದೆ ಮಾಡಿ ಎಸೆದೆ, ಎತ್ತಿ ಮಡಚಿಟ್ರು. ಧ್ವನೀನೂ ದಪ್ಪ ಆಗಿದೆ. ಕೇಳಿದ್ದಕ್ಕೆ 'ಹೂಂ' ಅಂತಾರೆ, ಅಷ್ಟೇ. ರಾತ್ರಿ ಮಲಗಿದಾಗ ಎಷ್ಟೋ ಹೊತ್ತು ಉಸಿರೇ ಇರಲ್ಲ, ಆಮೇಲೆ ಒಂದೇ ಸಲ ಮೂಗಿಂದ ಉದ್ದಕ್ಕೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ಬೀಗದಕೈ ಬಂದ್ರೆ ನನಗೂ ಸಂತೋಷಾನೇ. ಆದ್ರೆ ಬೀಗದಕೈ ತಗೊಂಡು ಮನೆಗೆ ಬರೋರು ಯಾರು ಅಂತ ಭಯ."

ನಾನು ಹೋಗಿ ನೋಡಿದೆ. ಮಧ್ಯಾಹ್ನದ ಬೆಳಕು ಕಿಟಕಿಯಿಂದ ನೇರವಾಗಿ ಬೀಳುತ್ತಿತ್ತು. ಬಿಳಿ ಪುಡಿ ಕೂತ ಕೋಣೆಯಲ್ಲಿ ನೆರಳು ಹಿಡಿಯುವ ಜಾಗವೇ ಇರಲಿಲ್ಲ. ಭಾವ ಗೂಡಿನ ಮುಂದೆ ಮಾಸ್ಕ್ ಹಾಕಿಕೊಂಡು ನಿಂತಿದ್ದ. ಬಲಗೈ ಹೊರಟಿತು, ರೆಕ್ಕೆಯ ಉದ್ದಕ್ಕೂ ಜಾರಿತು, ಆಚೆಯ ಖಾಲಿ ಗಾಳಿಯಲ್ಲಿ ನಿಂತಿತು. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟ ಸದ್ದಾಯಿತು. ನಾನು ಭಾವನ ಬೆನ್ನನ್ನೇ ನೋಡುತ್ತಿದ್ದೆ. ಅವನ ಹೆಗಲು ಅಲುಗಲಿಲ್ಲ. ಸದ್ದು ಮುಗಿದ ಮೇಲೆಯೇ, ನೀರಿನಿಂದ ಮೇಲೆದ್ದ ಈಜುಗಾರನ ಹಾಗೆ, ಅವನು ಹೆಗಲೆತ್ತಿ ಉಸಿರೆಳೆದುಕೊಂಡದ್ದು.

ಕಂಪ್ರೆಸರ್ ಇರಬೇಕು ಎಂದುಕೊಂಡೆ. ನಾನು ವಿಚಾರವಂತ. ಆದರೆ ಕಂಪ್ರೆಸರಿನ ವೈರು ಸುತ್ತಿ ಪಕ್ಕಕ್ಕಿಟ್ಟಿತ್ತು. ಅದರ ಟ್ಯಾಂಕಿನಲ್ಲಿ ಮೊದಲೇ ತುಂಬಿಸಿಟ್ಟ ಗಾಳಿಯಲ್ಲೇ ಅವನು ಹೊಡೆಯುತ್ತಿದ್ದ.

"ಭಾವ, ಉಸಿರು ಯಾರದ್ದು?"

"ಮಧ್ಯೆ ಮಾತಾಡ್ಬಾರ್ದು," ಎಂದ. ದಪ್ಪ ಧ್ವನಿ, ತಾಳ್ಮೆಯ ಧ್ವನಿ. ನನ್ನ ಭಾವ ಯಾವತ್ತೂ ತಾಳ್ಮೆಯಿಂದ ಒಂದು ಅಕ್ಷರ ಆಡಿದವನಲ್ಲ.

ಅವನು ಒಂದು ಚಮಚ ಎತ್ತಿ ನನಗೆ ಕೊಟ್ಟ. ಅಂಥ ಬಿಳಿಯನ್ನು ನಾನು ನೋಡಿರಲಿಲ್ಲ. ಬಣ್ಣ ಬಳಿದಂತಿರಲಿಲ್ಲ, ಚಮಚ ಒಳಗಿನಿಂದಲೇ ಬೆಳ್ಳಗೆ ಬೆಳೆದಂತಿತ್ತು. ಅದರ ಗುಳಿಯಲ್ಲಿ ನನ್ನ ಮುಖ ತಲೆಕೆಳಗಾಗಿ ಕಂಡಿತು, ಹೆಗಲ ಹಿಂದೆ ಕಿಟಕಿ, ಕಿಟಕಿಯ ಪಕ್ಕ ಕುರ್ಚಿ. ಕುರ್ಚಿ ಖಾಲಿಯಾಗಿದೆ ಎಂದು ಖಚಿತ ಮಾಡಿಕೊಳ್ಳಲು ನಾನು ಹಿಂದಕ್ಕೆ ತಿರುಗಿಯೇ ನೋಡಬೇಕಾಯಿತು. ಖಾಲಿಯೇ ಇತ್ತು. ಮೆಟ್ಟಿಲಿಳಿಯುವಾಗ ನನ್ನ ಕಾಲು ನನಗಿಂತ ಮೊದಲೇ ಬೀದಿ ಸೇರಿತ್ತು.

ಪರೀಕ್ಷೆಯ ದಿನ ನಾವೆಲ್ಲ ಸೇರಿದೆವು. ಸ್ಟಿಕ್ಕರ್ ಗೋಡೆ ಅಳೆಯುವ ಟೇಪನ್ನು ಜೇಬಿಗೆ ಹಾಕಿಕೊಂಡೇ ಬಂದಿದ್ದ. ಅಕ್ಕ ನನ್ನ ಪಕ್ಕ ನಿಂತಳು. ಭಾವ ಕೈಕಟ್ಟಿ ಗೂಡಿನ ಹತ್ತಿರ. ಮೇಸ್ತ್ರಿಯಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಅಕ್ಕ ಒಂದೊಂದೇ ರೆಕ್ಕೆ ಕೈಗೆ ಕೊಟ್ಟಳು. ಮೊದಲು ಎಡದ್ದು. ಮುದುಕಿ ಅದನ್ನು ಕೆನ್ನೆಯ ಮೇಲೆ ಎಳೆದುಕೊಂಡು, ತುಟಿ ಬಿಗಿಹಿಡಿದು, ಪಕ್ಕಕ್ಕಿಟ್ಟರು. ಆಮೇಲೆ ಭಾವ ಹೊಡೆದ ಬಲದ್ದು. ಅದು ಕಣ್ಣಿನ ಕೆಳಗಿನಿಂದ ಹೊರಟು ದವಡೆಯ ಹತ್ತಿರ ಬಂದು ನಿಂತಿತು. ಆಕೆ ಅದನ್ನು ಇಳಿಸಲಿಲ್ಲ. ಕೆನ್ನೆಯನ್ನು ಅದಕ್ಕೆ ಒತ್ತಿ ಹಾಗೇ ಒರಗಿದರು, ಹೆಗಲಿಗೆ ಒರಗಿದ ಹಾಗೆ. ಮುಖದ ಸುಕ್ಕುಗಳೆಲ್ಲ ಸಡಿಲವಾದವು. ಕಣ್ಣು ತೆರೆಯದೆ, ನಾವ್ಯಾರೂ ಅಲ್ಲಿಲ್ಲವೆನ್ನುವ ಹಾಗೆ, ಮೆಲ್ಲಗೆ ಕರೆದರು:

"ರೀ... ಹೊತ್ತಾಯ್ತು. ಊಟಕ್ಕೆ ಏಳಿ."

"ಬಂದೆ," ಎಂದ ಭಾವ.

ಹೇಳಿದವನು ಭಾವ, ಬಾಯಿ ಭಾವನದು, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಧ್ವನಿಗೆ ಆ ಕೋಣೆಯಲ್ಲಿ ಎಷ್ಟೋ ವರ್ಷದ ಬಳಕೆಯಿತ್ತು. ಅವನು ಕೈ ಬಿಚ್ಚಿ, ಕುರ್ಚಿಯ ಕಡೆ ಹೆಜ್ಜೆಯಿಟ್ಟ. ಸ್ಟಿಕ್ಕರ್ ನನ್ನ ತೋಳು ಹಿಡಿದುಕೊಂಡ. ನಾನು ಅವನದನ್ನು ಮೊದಲೇ ಹಿಡಿದುಕೊಂಡಿದ್ದೆ.

ಅಕ್ಕ ಮಾತ್ರ ಮುಂದೆ ಹೋದಳು. ಹೋದವಳೇ ಮುದುಕಿಯ ಕೈಯಿಂದ ರೆಕ್ಕೆಯನ್ನು ಕಿತ್ತುಕೊಂಡಳು. ತನ್ನ ಕೆನ್ನೆಗಿಟ್ಟು ಎಳೆದಳು.

"ಒರಟು," ಎಂದಳು.

ಭಾವ ನಿಂತ. ಅವಳ ಕಡೆ ನೋಡಿದ, ಪರಿಚಯವಿಲ್ಲದವರನ್ನು ನೋಡುವ ಹಾಗೆ.

"ಇಲ್ಲಿ, ತುದಿ ಹತ್ರ. ಒಂದು ಕಣ ಕೂತಿದೆ," ಎಂದಳು ಅಕ್ಕ. "ಇಷ್ಟು ದಿನ ಮನೆ ಬಿಟ್ಟು, ಊಟ ಬಿಟ್ಟು, ಮಾಡಿದ್ದು ಇದಾ? ಫ್ರಿಜ್ಜಿಗೆ ಹೊಡೆಯೋವಾಗ್ಲೇ ಇದಕ್ಕಿಂತ ಪರವಾಗಿರ್ಲಿಲ್ವಾ?"

ಭಾವನ ಮುಖದೊಳಗೆ ಏನೋ ಮೇಲೆ ಬರಲು ಒದ್ದಾಡುತ್ತಿತ್ತು. ಮೊದಲು ಕಿವಿ ಕೆಂಪಾಯಿತು. ಆಮೇಲೆ ಕತ್ತು.

"ಎಲ್ಲಿ?" ಎಂದ. ದಪ್ಪ ಧ್ವನಿಯೇ, ಆದರೆ ಕೊನೆಗೊಂದು ಬಿರುಕು.

"ಇಲ್ಲೇ. ಕುರುಡರಿಗೂ ಗೊತ್ತಾಗುತ್ತೆ."

"ಎಲ್ಲಿ? ಎಲ್ಲಿದೆ ತೋರಿಸು!" ಕೀರಲು ಧ್ವನಿ ಚಾವಣಿಗೆ ಬಡಿಯಿತು. "ಫ್ರಿಜ್ಜಂತೆ ಫ್ರಿಜ್ಜು! ನಿಮ್ಮಪ್ಪನ ಮನೇಲಿ ಫ್ರಿಜ್ ಇತ್ತಾ? ಕೊಡಿಲ್ಲಿ!" ರೆಕ್ಕೆಯನ್ನು ಕಿತ್ತುಕೊಂಡು ಕಿಟಕಿಗೆ ಓಡಿದ, ಬೆಳಕಿಗೆ ಓರೆಯಾಗಿ ಹಿಡಿದ, ಕಣ್ಣು ಕಿರಿದು ಮಾಡಿದ. ಆ ಗದ್ದಲ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನಮ್ಮಪ್ಪನಿಗೆ ಬೈಯುತ್ತಿದ್ದಾನೆ, ಎಷ್ಟು ಚಂದ ಬೈಯುತ್ತಿದ್ದಾನೆ ಎನ್ನಿಸಿತು.

ಮೇಸ್ತ್ರಿಯಮ್ಮ ಕಣ್ಣು ತೆರೆದು ಒಂದು ಕ್ಷಣ ಎಲ್ಲಿದ್ದೇನೆಂದು ತಿಳಿಯದವರ ಹಾಗೆ ಸುತ್ತ ನೋಡಿದರು. ಆಮೇಲೆ ಅಕ್ಕನ ಕೈ ಹಿಡಿದು ಹತ್ತಿರ ಎಳೆದುಕೊಂಡು, ಭಾವನಿಗೆ ಕೇಳದಂತೆ, ನನಗೆ ಕೇಳುವಂತೆ ಹೇಳಿದರು: "ಕಣ ಇರ್ಲಿಲ್ಲ, ಅಲ್ವೇನೇ?"

ಅಕ್ಕ ಕಿಟಕಿಯ ಹತ್ತಿರವಿದ್ದ ಭಾವನ ಕಡೆ ನೋಡಿದಳು.

"ನಾನೂ ಹೀಗೇ ಹೇಳ್ತಿದ್ದೆ. ಒರಟಿಲ್ದಿದ್ರೂ ಒರಟು ಅಂತ. ತೀರಾ ಅಂದ್ರೆ, ಇರ್ಲಿ ಅಂತ. ಸಿಟ್ಟು ಬಂದ್ರೆ ಮನುಷ್ಯ ಊಟಕ್ಕೆ ಬರ್ತಾನೆ, ಬೈತಾನೆ, ಮತ್ತೆ ನಾಳೆ ಮಾಡ್ತಾನೆ. ಆ ಎಡರೆಕ್ಕೆ ಕೆನ್ನೆಗಿಟ್ಟ ದಿನ ಯಾಕೋ ಬಾಯಿ ತಡೀಲಿಲ್ಲ." ಆಕೆ ಪಕ್ಕಕ್ಕಿಟ್ಟ ಎಡರೆಕ್ಕೆಯತ್ತ ನೋಡಲಿಲ್ಲ. "ಚೆನ್ನಾಗಿದೆ ಅಂದುಬಿಟ್ಟೆ. ಹೌದಾ, ಅಂದ್ರು. ಗನ್ನು ತೊಳೆದಿಟ್ರು. ಈ ಕುರ್ಚೀಲಿ ಕೂತ್ರು. ಇವತ್ತು ಇವನಿಗೂ ಅದೇ ಮಾತು ಹೇಳೋಳಿದ್ದೆ. ಅವರು ವಾಪಸ್ ಬಂದಿದ್ರಲ್ಲ, ಬಿಡೋಕೆ ಮನಸ್ಸಾಗ್ಲಿಲ್ಲ."

ಸೊಂಟದಿಂದ ಬೀಗದಕೈ ಬಿಚ್ಚಿ ಅವರು ಕೊಟ್ಟದ್ದು ಭಾವನಿಗಲ್ಲ, ಅಕ್ಕನಿಗೆ. ಸ್ಟಿಕ್ಕರ್ ಟೇಪನ್ನು ಮುಟ್ಟಿಯೂ ನೋಡದೆ ಮೆಟ್ಟಿಲಿಳಿದ. ಈಗ ಆ ಮಹಡಿಯನ್ನು ಬಾಡಿಗೆಯಿಲ್ಲದೆ ಕೊಟ್ಟರೂ ಹತ್ತುವುದಿಲ್ಲ ಎನ್ನುತ್ತಾನೆ. ಮೇಸ್ತ್ರಿಯಮ್ಮ ತಂಗಿಯ ಮನೆಗೆ ಹೋದರು, ಎರಡೂ ರೆಕ್ಕೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಆ ವಿಮಾನವನ್ನು ಯಾರೂ ಜೋಡಿಸಲಿಲ್ಲ.

ಈಗ ಕಿಟಕಿಯ ಪಕ್ಕ ಕೂರುವವಳು ಅಕ್ಕ. ಭಾವ ಹೊಡೆದದ್ದನ್ನೆಲ್ಲ ಕೆನ್ನೆಗಿಟ್ಟು ತಪ್ಪು ಹೇಳುತ್ತಾಳೆ. ತಪ್ಪು ಸಿಗದ ದಿನ ಹುಟ್ಟಿಸುತ್ತಾಳೆ. ಇಬ್ಬರ ಜಗಳ ಬೀದಿಯ ಕೊನೆಯವರೆಗೆ ಕೇಳಿಸುತ್ತದೆ, ಅಂಗಡಿಯವರು ರೇಡಿಯೋ ಹಾಕುವುದನ್ನೇ ಬಿಟ್ಟಿದ್ದಾರೆ. ವ್ಯಾಪಾರ ಚೆನ್ನಾಗಿ ನಡೆದಿದೆ. ಈ 'ಚೆನ್ನಾಗಿ' ಎಂಬ ಮಾತನ್ನು ಇಲ್ಲಿ ಬರೆಯಬಹುದು. ಆ ಕೋಣೆಯಲ್ಲಿ ಆಡುವಂತಿಲ್ಲ.

ಹೋದ ವಾರ ನಾನು ಮರೆತೆ. ಭಾವ ಆಗಷ್ಟೇ ಒಂದು ಬಾಲದ ತುಂಡಿನ ಮೇಲಿನಿಂದ ಪೆಟ್ಟಿಗೆ ಎತ್ತಿದ್ದ. ಅದು ಬಿಸಿಲಿನಲ್ಲಿ ಹೊಳೆಯುತ್ತಾ ಇತ್ತು, ಒಳಗಿನಿಂದ ಬೆಳೆದ ಬಿಳಿ. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಭಾವ, ಚೆನ್ನಾ—" ಎನ್ನುವಷ್ಟರಲ್ಲಿ ಅಕ್ಕ ಎಲ್ಲಿಂದಲೋ ಹಾರಿ ಬಂದು ನನ್ನ ಬಾಯಿಯನ್ನು ಅಂಗೈಯಿಂದ ಅದುಮಿದಳು.

ಭಾವ ಆಗಲೇ ತಲೆಯೆತ್ತಿದ್ದ. ಗನ್ನು ಮೊಳೆಯಲ್ಲಿತ್ತು, ಕೈ ತೊಳೆದಾಗಿತ್ತು. ಅಕ್ಕನ ಬೆರಳುಗಳ ಮೇಲಿನಿಂದ ನಾನು ಅವನನ್ನು ನೋಡಿದೆ. ಅವನು ತುಂಬ ತಾಳ್ಮೆಯಿಂದ, ಮಾತಿನ ಉಳಿದರ್ಧಕ್ಕಾಗಿ ಕಾಯುತ್ತಿದ್ದ.